ಕಿರೀಟಕ್ಕೆ ಗೀಟು

ಸುತ್ತೋಲೆ ಬಂದದ್ದು ಆಟಿಯ ಮೊದಲ ವಾರ:
ಹೊಸ ಕಾಗದ ಅಚ್ಚು ಹಾಕಿಸಲು ಹಣವಿಲ್ಲ,
ಹಳೆಯ ಫಾರಮುಗಳನ್ನೇ ಬಳಸತಕ್ಕದ್ದು,
ನೆತ್ತಿಯ ಮೇಲಿನ ಕಿರೀಟಕ್ಕೆ ಮಾತ್ರ
ಕೆಂಪು ಶಾಯಿಯಲ್ಲಿ ಗೀಟೆಳೆಯತಕ್ಕದ್ದು.

ಬಂದರಿನ ಸಪ್ಲೈ ಆಫೀಸಿನಲ್ಲಿ ಆ ಕೆಲಸ ನನ್ನದಾಯಿತು.
ದಿನಕ್ಕೆ ಇನ್ನೂರು ಕಿರೀಟ.
ಮೊದಮೊದಲು ಕೈಗೊಂದು ಹುರುಪಿತ್ತು, ಸುಳ್ಳೇಕೆ?
ಲಾಠಿ ತಿಂದ ಅಣ್ಣನ ಬೆನ್ನು ನೆನೆದು
ಒಂದೊಂದನ್ನೂ ಅಡ್ಡಕ್ಕೆ ಕೊಯ್ದೆ.
ಎರಡನೆಯ ವಾರ ಅದು ಬರೀ ಗೀಟು.
ಮೂರನೆಯ ವಾರ ಶಾಯಿ ಮುಗಿಯಿತು.

ಶಾಯಿ ಬೇಕೆಂದು ಮದ್ರಾಸಿಗೆ ಬರೆದೆವು.
ಅರ್ಜಿ ಹಿಂದೆ ಬಂತು:
ಅದರ ಕಿರೀಟಕ್ಕೆ ಗೀಟು ಬಿದ್ದಿಲ್ಲ.
ನಂಬಿಯಾರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.
ಜವಾನ ಮೋಂತು ಹೊರಗೆ ಹೋಗಿ ನಕ್ಕು ಬಂದ.

ಕಿಟಕಿಯಾಚೆ ಗೊರಬು ಹೊತ್ತವರ ಸಾಲು,
ಅದರ ಬಾಲ ಧಕ್ಕೆಯವರೆಗೆ.
ಧಕ್ಕೆಯಲ್ಲಿ ಮಂಜಿಗಳು ಕಟ್ಟಿಕೊಂಡೇ ಇದ್ದವು,
ಮಳೆಗಾಲವೆಂದಷ್ಟೇ ಅಲ್ಲ:
ಹಂಚು ಹೇರಿಕೊಂಡು ಕರಾಚಿಗೆ ಹೋಗುತ್ತಿದ್ದವು ಅವು,
ಕರಾಚಿ ಈಗ ಪರದೇಶ.
ಅಕ್ಕಿ ಕಳಿಸುತ್ತಿದ್ದ ಬರ್ಮಾಕ್ಕೂ
ನಮ್ಮ ಹಾಗೆಯೇ ಸ್ವಾತಂತ್ರ್ಯ ಬಂದಿದೆಯಂತೆ,
ಗದ್ದೆಗಳಿಗೆ ಬೆಂಕಿಯೂ ಬಿದ್ದಿದೆಯಂತೆ.
ಮದ್ರಾಸಿನಲ್ಲಿ ಮತ್ತೊಂದು ಮಂತ್ರಿಮಂಡಲ.
ಹೊಸಬರ ಹೆಸರು ಹಲಗೆಗೆ ಬರೆಯುವಷ್ಟರಲ್ಲಿ
ಸೀಮೆಸುಣ್ಣ ಸವೆದು ಉಗುರು ಕೀಚೆಂದಿತು.

ಅಪ್ಪಿ ಪೂಜಾರ್ತಿ, ಜೆಪ್ಪುವಿನ ಹಂಚಿನ ಕಾರ್ಖಾನೆಯವಳು,
ಕಿಟಕಿಯ ಸರಳಿಗೆ ಗಲ್ಲ ಊರಿ ಕೇಳಿದಳು:
"ಔನ್ಸು ಅಂದರೆ ಎಷ್ಟು ಮುಷ್ಟಿ, ಗುಮಾಸ್ತರೇ?"
ಎಂಟು ಔನ್ಸು ಎಂದು ಕಾರ್ಡಿನಲ್ಲಿತ್ತು.
ನಾನು ಬೊಗಸೆ ಮಾಡಿ ತೋರಿಸಿದೆ,
ಅಷ್ಟಿಲ್ಲವೆಂದು ಹೊಳೆದು ಬೆರಳು ಮಡಚಿದೆ.
"ಡಿಪೋದಲ್ಲಿ ಆ ಕೈ ಮಾತ್ರ ಉಂಟು,
ಅದರೊಳಗಿನದ್ದು ಇಲ್ಲ."
ಅಕ್ಕಿ ಬರುವವರೆಗೆ ಗೋಧಿ, ಎಂದೆ.
"ಗಂಜಿಯಾಗಲು ಅದಕ್ಕೆ ಗೊತ್ತುಂಟಾ?"

ಮೊನ್ನೆ ಮೈದಾನದಲ್ಲಿ ಖಾದಿಯವರೊಬ್ಬರು ಹೇಳಿದ್ದರು,
ದೇಶವಿನ್ನೂ ಎರಡು ವರ್ಷದ ಕೂಸು, ತಾಳ್ಮೆಯಿರಲಿ.
ಅವಳೂ ನಿಂತು ಕೇಳಿದ್ದಳು, ಕೂಗು ಆದ ಮೇಲೆ,
ಹೊಟ್ಟೆಗೆ ಸೆರಗು ಬಿಗಿದು.
"ಐದು ಹೆತ್ತಿದ್ದೇನೆ, ಮೂರು ಉಳಿದಿವೆ.
ಎರಡು ವರ್ಷದ್ದು ನಡೆಯುತ್ತದೆ, ಬೀಳುತ್ತದೆ, ಕಚ್ಚುತ್ತದೆ.
ತಾಯಿಗೇ ತಾಳು ಅಂದದ್ದು ಒಂದೂ ಇಲ್ಲ."

ಮರುದಿನ ಉಪ್ಪಳಿಗೆ ಎಲೆಯಲ್ಲಿ ಕಟ್ಟಿ
ಹಂಚಿನ ಹುಡಿ ತಂದುಕೊಟ್ಟಳು.
"ಕೆಂಪು ಬೇಕಲ್ಲ ನಿಮ್ಮ ಸರಕಾರಕ್ಕೆ?"
ನೀರಲ್ಲಿ ಕಲಸಿ ಗೀಟೆಳೆದೆ.
ಒದ್ದೆಯಿರುವಾಗ ಚಂದವೇ ಇತ್ತು.
ಸಂಜೆಗೆ ಒಣಗಿ, ಕಾಗದ ಎತ್ತಿದೊಡನೆ ಉದುರಿತು,
ಕಿರೀಟ ಹುಡಿ ಕೊಡವಿಕೊಂಡು ನೋಡಿತು.
"ಬರ್ತದೆ," ಎಂದರು ನಂಬಿಯಾರರು,
ಅಕ್ಕಿಯೋ ಶಾಯಿಯೋ ಇನ್ನೇನೋ, ಹೇಳಲಿಲ್ಲ.

ಕಾರ್ಖಾನೆಯಲ್ಲಿ ಅರ್ಧ ಜನರನ್ನು ಬಿಡಿಸಿದ ವಾರ
ಅವಳ ಅರ್ಜಿ ನಾನೇ ಬರೆದೆ:
ಮೈಮುರಿದು ದುಡಿವವರ ಹೆಚ್ಚಿನ ಪಾಲು
ಕೆಲಸ ಹೋದರೂ ಕಡಿಯಬಾರದಾಗಿ ವಿನಂತಿ.
ಹೆಬ್ಬೆಟ್ಟಿಗೆ ಒತ್ತುಪೆಟ್ಟಿಗೆಯೂ ಒಣಗಿತ್ತು.
ಅವಳ ಬೆರಳಿನ ಗೆರೆಗಳಲ್ಲಿ
ಹದಿನೆಂಟು ವರ್ಷದ ನೇತ್ರಾವತಿಯ ಮಣ್ಣು ಕೂತಿತ್ತು,
ಮೇಲೆ ಮಳೆ.
ಚೌಕ ಕೆಳಗಿತ್ತು. ಅವಳು ಮೇಲೆ ಒತ್ತಿದಳು,
ಸರಿಯಾಗಿ ಕಿರೀಟದ ಮೇಲೆ.

ಚೌಕ ತಪ್ಪಿದ ಹೆಬ್ಬೆಟ್ಟು ಅಸಿಂಧು, ನಿಯಮವಿದೆ.
ನಂಬಿಯಾರರು ತುಂಬ ಹೊತ್ತು ನೋಡಿ ಸಹಿ ಹಾಕಿದರು.
ಲಕೋಟೆಗೆ ಅಂಚೆಚೀಟಿ ಅಂಟಿಸಿದೆ,
ಅದರಲ್ಲೂ ರಾಜನ ತಲೆ;
ಅದಕ್ಕೆ ಗೀಟೆಳೆಯಲು ಆದೇಶ ಬಂದಿರಲಿಲ್ಲ.

ಉತ್ತರ ಬಂದಿಲ್ಲ. ಶಾಯಿಯೂ.
ಹೆಬ್ಬೆಟ್ಟು ಓದಬಲ್ಲವರು ಅಲ್ಲಿ ಯಾರೂ ಇಲ್ಲ,
ಮೋಂತುವಿನ ಅಂಬೋಣ.
ನನ್ನ ಪೆನ್ನಿನ ಮುಳ್ಳಲ್ಲಿ ಇನ್ನೂ ಹಂಚಿನ ಹುಡಿ,
ಏನು ಬರೆಯಲು ಹೋದರೂ
ಕಾಗದಕ್ಕೆ ಕರಕರ.